ಆಚೆಯಮ್ಮನ ಮಾತು

"ಸ್ವಲ್ಪ ಓರೆ ಮಾಡ್ರಪ್ಪ, ಬಾಗಿಲಿಗೆ ತಾಗುತ್ತೆ!" ಎಂದು ವ್ಯಾನಿನವನು ಕೂಗಿದ. ಹೊತ್ತವರು ಶವಪೆಟ್ಟಿಗೆಯನ್ನು ಓರೆ ಮಾಡಿದರು. ತೀರಿಕೊಂಡವಳ ಮಗಳೂ ಕೈಜೋಡಿಸಿದಳು.

"ಗಡಿ ಗೇಟಿನ ಹತ್ರ ಸ್ವಲ್ಪ ನಿಲ್ಸಿ. ಸೋದರಮಾವ ಆಚೆ ಬಂದು ನಿಂತಿದ್ದಾರೆ. ಪಹರೆಯವರು ಒಪ್ಪಿದ್ದಾರೆ," ಎಂದಳು ವ್ಯಾನಿನವನಿಗೆ.

"ಬೇಕಾ ಅದೆಲ್ಲ?" ಎಂದ ಅವಳಪ್ಪ, ಗಡಿಯಾರ ರಿಪೇರಿಯವನು. "ನೋಡಿದೋರು ಏನಂತಾರೆ?"

"ಜ್ವರದಲ್ಲಿ ಅಮ್ಮ ಬರೀ ಆಚೆ ಮಾತೇ ಆಡಿದ್ಲು. ನೀರು ಕೇಳಿದ್ದು ಬಿಟ್ರೆ ನಮಗೇನು ಅರ್ಥ ಆಯ್ತು? ಕೊನೇಗೆ ಏನಂದ್ಲು ಅಂತ ನಂಗೆ ಗೊತ್ತಾಗ್ಬೇಕಪ್ಪ."

ಅವನು ವ್ಯಾನು ಹತ್ತಿದ.

*

ಅಮ್ಮ ಮದುವೆಯಾಗಿ ಆಚೆಯಿಂದ ಬಂದಾಗ ಗಡಿಯೆಂದರೆ ರಸ್ತೆ ಬದಿಯ ಒಂದು ಕಲ್ಲು. ಬಸ್ಸಿಗೆ ಕಾಯುವವರು ಅದರ ಮೇಲೆ ಕೂತು ಹರಟೆ ಹೊಡೆಯುತ್ತಿದ್ದರು. ಯುದ್ಧದ ವರ್ಷ ಬೇಲಿ ಬಂತು, ಭಾಷಣ ಬಂತು, ಯಾರ ದೇಶಪ್ರೇಮ ಎಷ್ಟು ಗೇಣು ಎಂದು ಅಳೆಯುವವರು ಮನೆಮನೆಗೂ ಬಂದರು.

ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಅವಳಿಗೆ ಅಳತೆ ಗುನುಗುವಾಗ ತವರಿನ ಮಾತೇ ಬಾಯಿಗೆ ಬರುತ್ತಿತ್ತು. ಒಬ್ಬಾಕೆ ಅದನ್ನು ಕೇಳಿ ಬಟ್ಟೆ ವಾಪಸು ಒಯ್ದಳು. "ಶತ್ರು ಹೊಲಿದದ್ದನ್ನ ನಮ್ಮ ಹುಡುಗ ಹಾಕ್ಕೊಳ್ಳಲ್ಲ."

ಗಂಡ ಕೆಟ್ಟವನಲ್ಲ, ಪುಕ್ಕಲ. "ಊರ ಬಾಯಿ ಮುಚ್ಚೋಕಾಗಲ್ಲ ಕಣೇ, ನೀನೇ ಮುಚ್ಕೊಂಡಿರು. ಮಗು ಮುಂದಂತೂ ಆ ಮಾತು ಬೇಡ."

ಪಾಪ, ಅಂದಿನಿಂದ ಅಳತೆಯನ್ನೂ ಈಚೆಯವರ ಮಾತಿನಲ್ಲೇ ಎಣಿಸಿದಳು. ಮೊದಮೊದಲು ಲೆಕ್ಕ ತಪ್ಪಿ, ಊರಿನ ಮಕ್ಕಳ ಅಂಗಿ ತೋಳುಗಳೆಲ್ಲ ಗಿಡ್ಡವಾದವು. ಇಷ್ಟೆಲ್ಲ ಮಾಡಿದರೂ ಊರಿನವರ ಬಾಯಲ್ಲಿ ಅವಳು ಆಚೆಯಮ್ಮನಾಗಿಯೇ ಉಳಿದಳು.

*

ಗೇಟಿನ ಬಳಿ ಮುಚ್ಚಳ ಸರಿಸಿದರು. ಬೇಲಿಯಾಚೆ ಮಾವ ತಂಗಿಯ ಮುಖ ನೋಡುತ್ತ ಅತ್ತ. ಬೇಲಿಗೆ ಮುಂಚೆ ಈಚೆಯ ಸಂತೆಗೆ ಬರುತ್ತಿದ್ದವನಿಗೆ ಇಲ್ಲಿನ ಮಾತು ಒಂದಿಷ್ಟು ಇನ್ನೂ ಬರುತ್ತಿತ್ತು.

ಮಗಳು ಮರೆಯಬಾರದೆಂದು ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದಳು. "ನೀರಾ, ಒಸ್ತೆ ಹಾಲೊ. ಇದನ್ನೇ ಅಂತಿದ್ಲು ಮಾವ. ನೀರಾ ಗೊತ್ತು, ನೀರು. ಆಮೇಲಿನದು ಏನು?"

ಮಾವ ತಡವರಿಸಿದ. "ನೀರಲ್ಲಮ್ಮ ಅದು. ನೀರಾ ಅಂದ್ರೆ ಚಳಿ. ಚಳಿ ಆಗ್ತಿದೆ, ಹೊದಿಸಿ... ಹಂಗೆ ಅದು."

ಮಗಳು ಗೇಟಿನ ಸರಳು ಹಿಡಿದು ಅಲ್ಲೇ ಕೂತುಬಿಟ್ಟಳು. ಜ್ವರದ ದಿನಗಳಲ್ಲಿ ಅಮ್ಮನ ಹಣೆಗೆ ಒದ್ದೆ ಬಟ್ಟೆ, ಮೇಲೆ ಫ್ಯಾನು, ಚಮಚ ಚಮಚವಾಗಿ ತಣ್ಣೀರು. ಅಮ್ಮ ಬೇಡವೆಂದು ಮುಖ ತಿರುಗಿಸಿದರೂ ಬಿಟ್ಟಿರಲಿಲ್ಲ.

"ನಾನೇ ಕುಡಿಸಿದ್ದು," ಎಂದ ಅಪ್ಪ. "ಬಾಯಿ ಬಿಡಿಸಿ ಕುಡಿಸಿದೆ."

ಮಾವ ಹೆಗಲ ಶಾಲು ತೆಗೆದು ತಂತಿಯೊಳಗೆ ತೂರಿಸಹೋದ. ಪಹರೆಯವನು ಅಡ್ಡ ಬಂದ. "ಆಚೆ ಸಾಮಾನು ಈಚೆ ಬರೋ ಹಾಗಿಲ್ಲ ಸ್ವಾಮಿ. ನಮ್ಮ ಕೈಲೇನೂ ಇಲ್ಲ."

ಅಪ್ಪ ತನ್ನ ಕೋಟು ಬಿಚ್ಚಿ ಹೆಂಡತಿಗೆ ಹೊದಿಸಿದ. ಅದು ಮೊಣಕಾಲಿಗೇ ನಿಂತಿತು. ಎಳೆದು ನೋಡಿದ, ಕೆಳಗೆ ಮುಚ್ಚಿದರೆ ಭುಜ ಬಯಲಾಗುತ್ತಿತ್ತು.

"ಹೊರಡೋಣ್ವಾ?" ಎಂದ ವ್ಯಾನಿನವನು.

ಅಪ್ಪ ತಲೆಯಾಡಿಸಿದ. ಆದರೆ ಮುಚ್ಚಳ ಹಾಕಲು ಬಿಡಲಿಲ್ಲ. ಹೆಂಡತಿಯ ಎರಡೂ ಪಾದಗಳನ್ನು ಅಂಗೈಗಳಲ್ಲಿ ಮುಚ್ಚಿ ಹಿಡಿದು, ಸ್ಮಶಾನ ಬರುವವರೆಗೂ ಹಾಗೇ ಬಗ್ಗಿ ಕೂತಿದ್ದ.