ಇನ್ನೂ ಕಾಲು ಭಾಗ

ಸಿಲಿಂಡರನ್ನು ಎತ್ತಿ ಒಂದು ಸಲ ಅಲ್ಲಾಡಿಸಿದರೆ ಸಾಕು, ಅದರಲ್ಲಿ ಎಷ್ಟು ದಿನದ ಗ್ಯಾಸ್ ಉಳಿದಿದೆ ಎಂದು ಹೇಳಬಲ್ಲೆ. ಹತ್ತೊಂಬತ್ತು ವರ್ಷದಿಂದ ಮನೆಮನೆಗೆ ಸಿಲಿಂಡರ್ ಹೊತ್ತವನು ನಾನು. ಹಿಡಿಗೆ ಕೈ ಹಾಕಿ, ತುಸು ವಾಲಿಸಿ, ಒಳಗಿನ ದ್ರವ ಗೋಡೆಗೆ ಬಡಿಯುವುದನ್ನು ಅಂಗೈಯಲ್ಲಿ ಕೇಳಿಸಿಕೊಳ್ಳಬೇಕು. ನಾನು ಎಂಟು ದಿನ ಎಂದರೆ ಎಂಟನೆಯ ದಿನ ಒಲೆ ಆರುತ್ತಿತ್ತು. ಬೀದಿಯ ಹೆಂಗಸರು ನನಗೆ ತಕ್ಕಡಿ ಎಂದೇ ಹೆಸರಿಟ್ಟಿದ್ದರು. "ತಕ್ಕಡಿ, ಒಂಚೂರು ಬಂದು ನೋಡಪ್ಪ, ನಾಳೆ ನೆಂಟರು ಬರ್ತಾರೆ" ಎಂದು ಕಿಟಕಿಯಿಂದ ಕೂಗುತ್ತಿದ್ದರು. ಗೋಡೌನಿನ ಮ್ಯಾನೇಜರ್ ಒಮ್ಮೆ ನನ್ನ ಮಾತು ನಂಬದೆ ಸಿಲಿಂಡರನ್ನು ತೂಕಕ್ಕಿಟ್ಟ. ಮುಳ್ಳು ನಾನು ಹೇಳಿದಲ್ಲೇ ನಿಂತಿತು. ಅವತ್ತಿನಿಂದ ನನ್ನ ಜಂಬಕ್ಕೆ ಲಂಗುಲಗಾಮು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಆ ಜಂಬ ಮಾಡಿದ ಕೆಲಸ.

ನನ್ನ ಹೆಂಡತಿ ನೋಟ್‌ಬುಕ್ ತಯಾರಿಸುವ ಶೆಡ್ಡಿನಲ್ಲಿ ಹಾಳೆ ಎಣಿಸುತ್ತಿದ್ದಳು. ಹೆಬ್ಬೆರಳಿಗೆ ರಬ್ಬರಿನ ಟೋಪಿ ಹಾಕಿಕೊಂಡು, ಕಟ್ಟಿನ ಮೂಲೆಯನ್ನು ಬೀಸಣಿಗೆಯ ಹಾಗೆ ಬಿಡಿಸಿ, ನಾಲ್ಕು ನಾಲ್ಕಾಗಿ ಸರಸರ ಎಣಿಸುವಳು. ಪಕ್ಕದವರ ಜೊತೆ ಹರಟುತ್ತಲೇ ಎಣಿಸುವಳು, ಒಂದು ಹಾಳೆ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. "ಉಪ್ಪು ಸ್ವಲ್ಪ ಹಾಕೇ" ಅಂದರೆ, "ಸ್ವಲ್ಪ ಅಂದ್ರೆ ಎಷ್ಟು ಚಮಚ ರೀ?" ಅನ್ನುವಳು. ನಾನು ಅಲ್ಲಾಡಿಸಿ ಹೇಳುವವನು, ಅವಳು ಎಣಿಸಿ ಹೇಳುವವಳು. ಹದಿನಾಲ್ಕು ವರ್ಷ ನಮ್ಮ ಜಗಳ, ತಮಾಷೆ ಎಲ್ಲ ಇದರ ಮೇಲೆಯೇ ನಡೆಯಿತು.

ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಒಂದೊಂದು ಸಲ ಅದು ಬಂದರೆ ಮಂಚದ ಅಂಚು ಹಿಡಿದು ಕೂತು, ಭುಜ ಎತ್ತಿ ಎತ್ತಿ ಉಸಿರೆಳೆಯುವಳು. ಎರಡು ವರ್ಷದ ಹಿಂದೆ ಡಾಕ್ಟರಮ್ಮ ಅವಳಿಗೆ ಬಾಯಿಗೆ ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟರು, ಒಂದು ನೀಲಿ, ಒಂದು ಕಂದು. "ಉಸಿರು ಕಟ್ಟಿದಾಗ ನೀಲಿ. ಕಟ್ಟದೇ ಇರೋ ಹಾಗೆ ನೋಡ್ಕೊಳ್ಳೋದು ಕಂದು. ಅದನ್ನ ದಿನಾ ಬೆಳಿಗ್ಗೆ ಎರಡು, ಸಂಜೆ ಎರಡು. ಚೆನ್ನಾಗಿದ್ದೀನಲ್ಲ ಅಂತ ಬಿಡೋ ಹಾಗಿಲ್ಲ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು" ಎಂದು ಹೇಳಿ, ಎದುರಿಗೇ ಮಾಡಿಸಿ ನೋಡಿದ್ದರು.

ಅವಳು ಒಂದು ಹೊತ್ತೂ ತಪ್ಪಿಸಲಿಲ್ಲ. ಬೆಳಿಗ್ಗೆ ಬಚ್ಚಲಲ್ಲಿ ಅವಳು ಮೂರು ಸಲ ಬಾಯಿ ಮುಕ್ಕಳಿಸುವ ಸದ್ದಿಗೇ ನನಗೆ ಎಚ್ಚರ. ನೀಲಿ ಪಂಪು ಬ್ಯಾಗಿನ ತಳದಲ್ಲಿ ಬಿದ್ದಿತ್ತು, ಅದನ್ನು ಕೇಳುವವರಿಲ್ಲ. ಮಗಳ ಜೊತೆ ಪಂದ್ಯ ಕಟ್ಟಿ ನಾಲ್ಕು ಮಹಡಿ ಮೆಟ್ಟಿಲು ಹತ್ತಿದಳು ಒಮ್ಮೆ. ಸೋತದ್ದು ಮಗಳು.

ಆ ಕಂದು ಪಂಪಿನ ಬೆನ್ನಿಗೆ ಒಂದು ಪುಟ್ಟ ಕಿಟಕಿ ಇತ್ತು. ಒತ್ತಿದಂತೆಲ್ಲ ಅದರಲ್ಲಿ ಅಂಕಿ ಇಳಿಯುತ್ತಿತ್ತು, ಸೊನ್ನೆ ಬಂದರೆ ಹೊಸದು. ಒಂದು ಸಲ ಔಷಧದಂಗಡಿಯಲ್ಲಿ ಅದು ಮುಗಿದಿತ್ತು. ಅದೇ ಔಷಧ, ಬೇರೆ ಕಂಪನಿಯದು ಕೊಟ್ಟರು. ಅದಕ್ಕೆ ಕಿಟಕಿ ಇರಲಿಲ್ಲ.

"ಇದ್ರಲ್ಲಿ ನೂರಿಪ್ಪತ್ತು ಸಲದ್ದು ಇದೆಯಂತೆ" ಎಂದು ಅವಳು ಮನೆಗೆ ಬಂದು ವರದಿ ಒಪ್ಪಿಸಿದಳು. "ದಿನಕ್ಕೆ ನಾಲ್ಕು, ಮೂವತ್ತು ದಿನ. ಆಮೇಲೂ ಒತ್ತಿದ್ರೆ ಪುಸ್ ಅಂತ ಬರುತ್ತಂತೆ, ಅದನ್ನ ನಂಬಬಾರದಂತೆ. ಎಣಿಸಿ ಎಸೀರಿ ಅಂದ್ರು ಅಂಗಡಿಯವರು."

"ನಿನಗೆ ಹೇಳಿ ಮಾಡಿಸಿದ ಪಂಪು ಕಣೇ. ಮನೇಲೂ ಹಾಳೆ ಎಣಿಸು" ಎಂದೆ.

ಅವಳು ನಕ್ಕು, ಪಂಪಿನ ಡಬ್ಬದ ಮೇಲೆ ಪೆನ್ಸಿಲಿನಲ್ಲಿ ದಿನಕ್ಕೊಂದು ಗೀಟು ಎಳೆಯತೊಡಗಿದಳು. ನಾಲ್ಕು ಗೀಟು ನಿಂತದ್ದು, ಐದನೆಯದು ಅಡ್ಡ.

ಮೂವತ್ತನೆಯ ದಿನ ಸಂಜೆ ಅವಳು ಬ್ಯಾಗು ಹೆಗಲಿಗೇರಿಸಿ ಅಂಗಡಿಗೆ ಹೊರಟಿದ್ದಳು. ನಾನು ಆಗಷ್ಟೇ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದೆ. ಮೇಜಿನ ಮೇಲೆ ಪಂಪಿತ್ತು. ಅದರ ಹೊಟ್ಟೆಯಲ್ಲಿರುವುದೂ ಒಂದು ಪುಟ್ಟ ಸಿಲಿಂಡರೇ ತಾನೆ? ಎತ್ತಿಕೊಂಡೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಸ್ಪಷ್ಟವಾಗಿ ದ್ರವ ತುಳುಕಿತು.

"ಎಲ್ಲಿಗೆ ಹೊರಟೆ? ಇನ್ನೂ ಕಾಲು ಭಾಗ ಇದೆ."

"ಎಣಿಕೆ ಮುಗೀತಲ್ಲ ರೀ."

"ನಿನ್ನ ಎಣಿಕೆ ಹಾಳೆಗೆ ಇಟ್ಕೋ. ಇದು ನನ್ನ ಬಾಬ್ತು. ಹತ್ತೊಂಬತ್ತು ವರ್ಷದಲ್ಲಿ ಈ ಕೈ ಒಂದು ಸಲ ತಪ್ಪಿದ್ದು ತೋರಿಸು ನೋಡೋಣ."

ಅವಳ ಹತ್ತಿರ ತೋರಿಸಲು ಏನೂ ಇರಲಿಲ್ಲ. ನಮ್ಮ ಅಡಿಗೆಮನೆಯ ಸಿಲಿಂಡರನ್ನೂ ನಾನು ಅಲ್ಲಾಡಿಸಿಯೇ ಹೇಳುತ್ತಿದ್ದೆ, ಒಂದು ದಿನವೂ ಅವಳ ಒಲೆ ಹಠಾತ್ತನೆ ಆರಿರಲಿಲ್ಲ. ಅವಳು ಒಂದು ಗಳಿಗೆ ಬಾಗಿಲಲ್ಲಿ ನಿಂತಳು. ಆಮೇಲೆ ಬ್ಯಾಗು ಇಳಿಸಿ ಗೂಟಕ್ಕೆ ನೇತುಹಾಕಿದಳು. ದುಡ್ಡಿನ ಮಾತೇ ಅಲ್ಲ ಅದು. ನನ್ನ ಮಾತು ಗೆಲ್ಲಬೇಕಿತ್ತು, ಗೆದ್ದಿತು.

ಎರಡು ವಾರಕ್ಕೆ ನೀಲಿ ಪಂಪು ಬ್ಯಾಗಿನ ತಳದಿಂದ ಮೇಲೆ ಬಂತು. ಮೊದಲು ಮೆಟ್ಟಿಲು ಹತ್ತಿದಾಗ, ಆಮೇಲೆ ಬಟ್ಟೆ ಒಗೆದಾಗ, ಆಮೇಲೆ ಸುಮ್ಮನೆ ಕೂತಾಗಲೂ. "ನೀಲಿ ಯಾಕೋ ಜಾಸ್ತಿ ಬೇಕಾಗ್ತಿದೆ. ಹೊಸ ಕಂದು ತಂದುಬಿಡ್ಲಾ?" ಎಂದಳು. ನಾನು ಮತ್ತೆ ಅಲ್ಲಾಡಿಸಿದೆ. "ಶೆಡ್ಡಿನ ಧೂಳು ಕಣೇ ಅದು. ಇದು ಇನ್ನೂ ತುಳುಕ್ತಾ ಇದೆ. ಇರೋದನ್ನ ಎಸೆಯೋಕೆ ಹುಚ್ಚು ಹಿಡಿದಿದೆಯಾ ನಿನಗೆ?" ಆ ಔಷಧದಂಗಡಿ ನಾನು ಗಾಡಿ ಓಡಿಸುವ ದಾರಿಯಲ್ಲೇ ಇದೆ. ದಿನಕ್ಕೆ ಎರಡು ಸಲ ಅದರ ಮುಂದೆ ಹಾದುಹೋಗುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ. ಬಾರಿಸಿಕೊಂಡೂ ಇದ್ದೇನೆ.

ಅದು ಒಂದು ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಮೂರನೆಯ ಮಹಡಿಯ ಮನೆಯೊಂದರಲ್ಲಿ ಸಿಲಿಂಡರ್ ಜೋಡಿಸಿ, ಸೋರುತ್ತಿಲ್ಲವೆಂದು ಸೋಪಿನ ನೀರು ಬಿಟ್ಟು ನೋಡುತ್ತಿದ್ದೆ. ಫೋನು ಬಂತು. ಶೆಡ್ಡಿನ ಮೇಸ್ತ್ರಿ. "ಬೇಗ ಬನ್ನಿ, ಅವರಿಗೆ ಉಸಿರು ಸಿಗ್ತಾ ಇಲ್ಲ. ಆಂಬುಲೆನ್ಸಿಗೆ ಹೇಳಿದ್ದೀವಿ, ಇನ್ನೂ ಬಂದಿಲ್ಲ."

ಅವಳು ಕಾಗದದ ಕಟ್ಟಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದಳು. ಕೈಯಲ್ಲಿ ನೀಲಿ ಪಂಪು, ಹೆಬ್ಬೆರಳಿಗೆ ಇನ್ನೂ ರಬ್ಬರಿನ ಟೋಪಿ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎತ್ತಿಕೊಂಡು ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿದೆ. ಹಿಂದೆ ಸಿಲಿಂಡರುಗಳು ಗಡಗಡ ಎನ್ನುತ್ತಿದ್ದವು, ಆ ಸದ್ದಿನಲ್ಲೂ ಅವಳ ಎದೆಯ ಸಿಳ್ಳೆ ಕೇಳುತ್ತಿತ್ತು. ಅರ್ಧ ದಾರಿಯಲ್ಲಿ ಅದು ನಿಂತಿತು. ಪರವಾಗಿಲ್ಲ, ಕಡಿಮೆಯಾಯಿತು ಎಂದುಕೊಂಡೆ ನಾನು. ಸಿಳ್ಳೆ ಹೊರಡುವಷ್ಟು ಗಾಳಿಯೂ ಅವಳ ಎದೆಯಲ್ಲಿ ಆಡುತ್ತಿರಲಿಲ್ಲ. ಅಷ್ಟು ತಿಳಿವಳಿಕೆ ನನ್ನದು.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಓಡಿಸಿಕೊಂಡು ಹೋದರು. ಎಳೆವಯಸ್ಸಿನ ಡಾಕ್ಟರೊಬ್ಬ ಹೊರಗೆ ಬಂದು ಕೇಳಿದ, "ದಿನಾ ತಗೊಳ್ಳೋ ಕಂದು ಪಂಪು ತಗೋತಿದ್ರಾ?"

"ಒಂದು ಹೊತ್ತೂ ಬಿಟ್ಟಿಲ್ಲ ಸಾರ್."

"ಈಗಿರೋದು ಯಾವತ್ತು ತಂದದ್ದು?"

"ಅದ್ರಲ್ಲಿ ಇನ್ನೂ ಕಾಲು ಭಾಗ ಇದೆ ಸಾರ್. ನಾನೇ ಅಲ್ಲಾಡಿಸಿ ನೋಡಿದ್ದೀನಿ."

"ಎಷ್ಟಿದೆ ಅಂತ ಕೇಳ್ಲಿಲ್ಲ. ಯಾವತ್ತು ತಂದಿರಿ?"

ಹೇಳಿದೆ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಮುಖದಲ್ಲಿ ಕಾಣಿಸಿತು. "ಎಣಿಕೆ ಮುಗಿದ ಮೇಲೆ ಒಳಗೆ ಉಳಿಯೋದು ಔಷಧ ತಳ್ಳೋ ಗ್ಯಾಸು. ತುಳುಕೋದೂ ಅದೇ, ಪುಸ್ ಅನ್ನೋದೂ ಅದೇ. ಅದ್ರಲ್ಲಿ ಔಷಧ ಇದೆ ಅಂತ ನಂಬೋ ಹಾಗಿಲ್ಲ. ಮೂರು ವಾರದಿಂದ ಅವರಿಗೆ ಔಷಧ ಇಲ್ಲ ಅಂತಲೇ ಲೆಕ್ಕ" ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಎರಡೂವರೆಗೆ ಅವಳು ಹೋದಳು.

ನಾಲ್ಕನೆಯ ದಿನ ಹನ್ನೆರಡು ವರ್ಷದ ಮಗಳು ಪಂಪಿನ ಡಬ್ಬ ತಂದು ನನ್ನ ಮುಂದೆ ಇಟ್ಟಳು. ಮೂವತ್ತನೆಯ ಗೀಟಿಗೆ ಎಲ್ಲ ನಿಂತಿತೆಂದು ನಾನು ತಿಳಿದಿದ್ದೆ. ನಿಂತಿರಲಿಲ್ಲ. ಡಬ್ಬದ ಹಿಂಬದಿಯಲ್ಲಿ, ನನ್ನ ಕಣ್ಣಿಗೆ ಬೀಳದ ಕಡೆ, ಅವಳು ಸಣ್ಣಗೆ ಗೀಟು ಎಳೆಯುತ್ತಲೇ ಹೋಗಿದ್ದಳು.

"ಮೂವತ್ತರ ಮೇಲೆ ಇಪ್ಪತ್ತೆರಡು ಇದೆ ಅಪ್ಪ" ಎಂದಳು ಮಗಳು. "ಅಮ್ಮನಿಗೆ ಗೊತ್ತಿತ್ತು."

ಗೊತ್ತಿತ್ತು. ಅವಳ ಲೆಕ್ಕ ಅವಳಿಗೆ ಗೊತ್ತಿತ್ತು, ಆದರೂ ನನ್ನ ಕೈಯನ್ನು ನಂಬಿದಳು. ಅಥವಾ ನಂಬದೆಯೂ ನನ್ನ ಮಾತು ಬೀಳಬಾರದೆಂದು ಸುಮ್ಮನಿದ್ದಳು. ಯಾವುದು ಎಂದು ಕೇಳೋಣವೆಂದರೆ ಅವಳಿಲ್ಲ.

ಮಗಳಿಗೂ ಎದೆಯಲ್ಲಿ ಆ ಸಿಳ್ಳೆ ಇದೆ, ತಾಯಿಯ ಬಳುವಳಿ. ಡಾಕ್ಟರಮ್ಮ ಅವಳಿಗೂ ದಿನದ ಕಂದು ಪಂಪು ಬರೆದುಕೊಟ್ಟಿದ್ದಾರೆ. ಅಂಗಡಿಯಲ್ಲಿ ಸಿಕ್ಕಿದ್ದು ಮತ್ತೆ ಕಿಟಕಿ ಇಲ್ಲದ್ದೇ. ಬೆಳಿಗ್ಗೆ ಬಚ್ಚಲಲ್ಲಿ ಮೂರು ಸಲ ಬಾಯಿ ಮುಕ್ಕಳಿಸುವ ಸದ್ದು ಮತ್ತೆ ಕೇಳುತ್ತದೆ, ನಾನು ಹೊದಿಕೆಯೊಳಗೆ ಕಣ್ಣು ಮುಚ್ಚಿಕೊಂಡೇ ಇರುತ್ತೇನೆ. ಆಮೇಲೆ ಅವಳು ಡಬ್ಬದ ಮೇಲೆ ಗೀಟು ಎಳೆದು, ಡಬ್ಬವನ್ನೂ ಪಂಪನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ. ಬೀಗದ ಕೈ ಅವಳ ಕೊರಳಲ್ಲಿ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ಆ ಯೋಗ್ಯತೆ ನನಗೆ ಉಳಿದಿಲ್ಲ. ಬೀದಿಯಲ್ಲಿ ಯಾರಾದರೂ ತಕ್ಕಡಿ ಎಂದು ಕೂಗಿದರೆ, ತೂಗಿಸಿ ನೋಡಿಕೊಳ್ಳಿ ಎಂದು ಹೇಳಿ ಮುಂದೆ ಹೋಗುತ್ತೇನೆ.

ನಿನ್ನೆ ಮೂವತ್ತನೆಯ ಗೀಟು. ಮಗಳು ಹೊಸ ಪಂಪು ತಂದು ಬೀರುವಿನಲ್ಲಿಟ್ಟು, ಹಳೆಯದನ್ನು ನನ್ನ ಅಂಗೈಗೆ ಹಾಕಿದಳು.

"ಔಷಧದಂಗಡಿಗೆ ವಾಪಸ್ ಕೊಟ್ಟು ಬಾ ಅಪ್ಪ, ಅವರು ತಗೋತಾರೆ. ಅಲ್ಲಾಡಿಸಬೇಡ."

"ಇಲ್ಲ ಮಗಾ" ಎಂದೆ.

ಮೆಟ್ಟಿಲು ಇಳಿದು ಬೀದಿಗೆ ಬಂದೆ. ಮುಷ್ಟಿ ಬಿಗಿಯಾಗಿಯೇ ಹಿಡಿದಿದ್ದೆ. ತಿರುವಿನಲ್ಲಿ ಒಂದು ಕಾರಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದಾಗ ಕೈ ಒಮ್ಮೆ ಕುಲುಕಿತು. ಒಳಗೆ ತುಳುಕಿದ್ದು ಅಂಗೈಗೆ ಗೊತ್ತಾಯಿತು. ಇನ್ನೂ ಕಾಲು ಭಾಗ ಇದೆ ಎಂದಿತು ಕೈ.