ಸಂಗವ್ವನ ಗ್ರಹಣ

ಸಂಗವ್ವ ಸತ್ತ ಮಗ ಅಮಾತೆಪ್ಪನ ಹಣೆಗೆ ವಿಭೂತಿ ಬಳಿಯುತ್ತಿದ್ದಾಗ ಇಳಕಲ್ಲಿನ ನೇಕಾರರ ಮನೆಯ ಮುಂದೆ ಹುನಗುಂದದ ಚಕ್ಕಡಿ ನಿಂತಿತು. ಮಗಳು ಇಂದ್ರಾಬಾಯಿ ಅಳುತ್ತ ಇಳಿದಳು. ಹಿಂದೆ ಅವಳ ಅತ್ತೆ ಬೋರವ್ವ ಐದು ವರ್ಷದ ಮೊಮ್ಮಗ ಅಂದಪ್ಪನನ್ನು ಎಳೆದುಕೊಂಡು ಬಂದಳು.

ಅಮಾತೆಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಊರಿಗೆಲ್ಲ ಬಂದ ಜ್ವರ ಅವನನ್ನು ಇಪ್ಪತ್ತಕ್ಕೇ ಒಯ್ದಿತ್ತು. ಉದ್ದ ಮುಖ, ಅಗಲ ಕಿವಿ. ಅಕ್ಷರ ಅವನ ತಲೆಗೆ ಹತ್ತಲಿಲ್ಲ, ಯಾರನ್ನೂ ಮುಖವೆತ್ತಿ ನೋಡಲಿಲ್ಲ. ಅವ್ವ ನೇಯುವಾಗ ಕಂಡಿಕೆಗೆ ನೂಲು ಸುತ್ತಿಕೊಡುತ್ತ ತನ್ನಷ್ಟಕ್ಕೆ ನಗುತ್ತಿದ್ದ. ಬಸುರಿ ಸಂಗವ್ವ ಗ್ರಹಣದಲ್ಲಿ ಏನೋ ಹೆಚ್ಚಿದ್ದಾಳೆ, ಅದಕ್ಕೇ ಮಗ ಹೀಗೆ ಎಂದಿತು ಊರು. ಇಲ್ಲವೆಂದು ಅವಳು ಇಷ್ಟು ವರ್ಷವೂ ಹೇಳಿದಳು. ಊರ ಬಾಯಿ ಮುಚ್ಚಲಾದೀತೆ?

ಭಜನೆಯ ತಾಳ ಬಿದ್ದೊಡನೆ ಅಂದಪ್ಪ ಚೀರಿ ಕೈ ಕಚ್ಚಿಕೊಂಡ.

"ಅಯ್ಯ ಶಿವನ, ಥೇಟ್ ಅಮಾತೆಪ್ಪ!" ಎಂದಳು ನೆರೆಮನೆಯ ಹುಚ್ಚವ್ವ.

ಬೋರವ್ವ ಅದನ್ನೇ ಕಾಯುತ್ತಿದ್ದಳು. "ಅವ್ವನ್ಹಂಗ ಮಗಳು. ಬಸುರಿದ್ದಾಗ ಗ್ರಹಣದಾಗ ಇಕಿ ಏನ್ ಮಾಡ್ಯಾಳೋ! ಮಣ್ಣು ಮುಗದ ಮ್ಯಾಲ ಇಬ್ಬರ್ನೂ ಇಲ್ಲೇ ಬಿಟ್ಟು ಹೋಗ್ತೇನಿ. ನನ್ನ ಮಗಗ ಬ್ಯಾರೆ ಹೆಣ್ಣು ನೋಡೇನಿ."

"ಬಾಗ್ಲಾ ಹಾಕ್ಕೊಂಡು ಕುಂತಿದ್ನಿರಿ ಅತ್ತಿ," ಇಂದ್ರಾಬಾಯಿ ಬಿಕ್ಕಿದಳು.

ಸಂಗವ್ವ ಮೊಮ್ಮಗನ ಕಿವಿ ನೋಡಿದಳು, ಮಗನ ಕಿವಿ ನೋಡಿದಳು. ತನ್ನ ಸೋದರಮಾವ ಯಮನಪ್ಪನೂ ಹೀಗೇ ಇದ್ದ. ಇದು ಗ್ರಹಣದ್ದಲ್ಲ, ತನ್ನ ತವರಿನ ರಕ್ತದ್ದು. ತನ್ನಿಂದ ಮಗಳಿಗೆ ಇಳಿದದ್ದು. ಹಾಗೆಂದರೆ ಬೋರವ್ವ ಮಗಳನ್ನು ಹೊಸ್ತಿಲು ತುಳಿಯಗೊಟ್ಟಾಳೆಯೇ?

*

ಅಮಾತೆಪ್ಪ ಹೊಟ್ಟೆಯಲ್ಲಿದ್ದಾಗಿನ ಆ ಗ್ರಹಣದ ದಿನ ಇಂದ್ರಾಬಾಯಿಗೂ ಐದೇ ವರ್ಷ. ಅವ್ವ ಕಿಟಕಿಗೆ ಚಾಪೆ ಕಟ್ಟಿ, ಕತ್ತಲಲ್ಲಿ ಅವಳನ್ನು ಅಪ್ಪಿಕೊಂಡು ಕೂತಿದ್ದಳು. ಕಾಲಿಗೆ ಸೊಳ್ಳೆ ಕಚ್ಚಿದರೂ ಕೈ ಹಚ್ಚಲಿಲ್ಲ.

"ನಾ ಕೆರಕೊಂಡ್ರ ಕೂಸಿನ ಮೈಮ್ಯಾಲ ಕಲಿ ಬೀಳ್ತದ. ನೀ ಕೆರಿ, ನನ್ನವ್ವ," ಎಂದಿದ್ದಳು.

*

"ಬೀಗತಿ," ಎಂದಳು ಸಂಗವ್ವ, "ನನ್ನ ಮಗಳಿಗೆ ಏನೂ ಅನಬ್ಯಾಡ್ರಿ. ಇಷ್ಟು ವರ್ಷ ನಾ ಸುಳ್ಳು ಹೇಳೇನಿ. ಅವತ್ತು ಬದನಿಕಾಯಿ ಹೆಚ್ಚೇನಿ, ಹೊರಗ ಬಂದು ಸೂರ್ಯಾನ್ನೂ ನೋಡೇನಿ. ಆ ಪಾಪ ಮೊಮ್ಮಗನ್ನ ಹಿಡದದ. ನಂದು ನನ್ನ ಕೂಡ ಮಣ್ಣಾಗ್ಲಿ, ಇಕಿನ್ನ ಕರಕೊಂಡು ಹೋಗ್ರಿ."

"ಅವ್ವಾ! ಖರೆ ಹೇಳ!"

"ಬಾಯಿ ಮುಚ್ಚು, ಇಂದ್ರವ್ವ."

ಬೋರವ್ವ ಅಂದಪ್ಪನನ್ನು ಎತ್ತಿ ಸೊಸೆಯ ಉಡಿಯಲ್ಲಿ ಕೂರಿಸಿ, "ನಡಿ, ಅತ್ತಾಗ ಕುಂಡ್ರು. ಆಕಿ ನೆರಳು ಕೂಸಿನ ಮ್ಯಾಲ ಬೀಳಬಾರ್ದು," ಎಂದಳು.

ಹೆಂಗಸರೆಲ್ಲ ಸೆರಗು ಎಳೆದುಕೊಂಡು ಸರಿದು ಕೂತರು. ಗೋಡೆಯ ಬಳಿ ತಾಯಿ, ಮಗ ಇಬ್ಬರೇ ಉಳಿದರು. ಅಮಾತೆಪ್ಪನ ತಲೆ ಮೆಲ್ಲಗೆ ಜಾರಿ ಅವಳ ಹೆಗಲಿಗೆ ಒರಗಿತು. ಸಂಗವ್ವ ಅದನ್ನು ನೆಟ್ಟಗೆ ಮಾಡಲಿಲ್ಲ.