ಕೆಂಚನ ಕಾವಲು

"ಅಡ್ಡ ಮಲಗಿಸಬ್ಯಾಡ್ರಿ! ನಿಂತಂಗ ಇರ್ಲಿ, ಉಸಿರು ಕಟ್ಟತೈತಿ!"

ಡಾಕ್ಟರ್ ಶಿವರಂಜನಿ ಕೂಗಿದ ರಭಸಕ್ಕೆ ಯಮನೂರಸಾಬ ಕೈಬಿಟ್ಟ. ಗದಗಿನ ಪಶು ದವಾಖಾನೆಯ ಮೇಜಿನ ಮೇಲೆ ಅವನ ನಾಯಿ ಕೆಂಚ ಮುಂಗಾಲು ಅಗಲಿಸಿ, ಕತ್ತು ಚಾಚಿ ನಿಂತಿತು. ಬೆಳಿಗ್ಗೆ ಅದರ ನಾಲಿಗೆ ನೀಲಿಗಟ್ಟಿದ್ದು ಕಂಡ ಮೇಲೆಯೇ ಅವನು ಆಟೋ ಹತ್ತಿಸಿದ್ದು. ಡಾಕ್ಟರು ಎದೆಯ ಒಂದು ಬದಿಯ ಕೂದಲು ಬೋಳಿಸಿ, ತಣ್ಣನೆಯ ಅಂಟು ಹಚ್ಚಿ, ಸ್ಕ್ಯಾನಿಂಗ್ ಯಂತ್ರದ ಹಿಡಿಯನ್ನು ಪಕ್ಕೆಲುಬುಗಳ ನಡುವೆ ಒತ್ತಿದರು. ಇದು ಬಸುರಿಯರ ಹೊಟ್ಟೆಗೆ ಮಾತ್ರ ಎಂದುಕೊಂಡಿದ್ದ ಯಮನೂರಸಾಬ ಕಣ್ಣು ಕಿರಿದು ಮಾಡಿ ಪರದೆ ನೋಡಿದ.

"ಈ ಕರ್ರಗಿರೋದು ನೀರು. ಅದರಾಗ ಅಳ್ಳಾಡಾಕತ್ತೈತಲ್ಲ, ಅದು ಪುಪ್ಪುಸ. ಹೃದಯದ ಬುಡಕ್ಕ ಒಂದು ಗಂಟೂ ಐತಿ. ಎಷ್ಟು ದಿನಾ ಆತು ಇದು ಮೈಚಾಚಿ ಮಲಗಿ?"

ಎಷ್ಟು ದಿನ ಅನ್ನುವುದು ಯಮನೂರಸಾಬನ ಊರು ಹೊಂಬಳಕ್ಕೆಲ್ಲ ಗೊತ್ತು. ಸಾರಿಕೊಂಡು ತಿರುಗಿದವನು ಅವನೇ. ಶೇಂಗಾ ಕಿತ್ತು ಕಣದಲ್ಲಿ ಒಟ್ಟಿದಂದಿನಿಂದ ಕೆಂಚ ಬಣವೆಯ ಪಕ್ಕ ಕೂತೇ ಇತ್ತು. "ನಿಮ್ಮ ನಾಯಿ ಉಂಡು ಗೊರಕಿ ಹೊಡಿತಾವು. ನಂದು ನೋಡ್ರಿ, ನೆಲಕ್ಕ ಮೈ ಹಚ್ಚಂಗಿಲ್ಲ!" ಎಂದು ಪಕ್ಕದ ಹೊಲದ ವಿರೂಪಾಕ್ಷಪ್ಪನ ಮುಂದೆ ಮೀಸೆ ತಿರುವಿದ್ದ. ಕೆಂಚ ಮಲಗಲು ಹೋಗಿ ತಟ್ಟನೆ ಎದ್ದಾಗಲೆಲ್ಲ ಶಹಬ್ಬಾಸ್ ಎಂದಿದ್ದ. ಒಮ್ಮೆ ಅದು ಕೂತಲ್ಲೇ ತೂಕಡಿಸಿದಾಗ ಮಣ್ಣಿನ ಹೆಂಟೆ ಎಸೆದು ಎಬ್ಬಿಸಿದ್ದ. ಅದು ನೆನಪಾಗಿ ಅವನಿಗೆ ತನ್ನ ಬಗ್ಗೆಯೇ ಹೇಸಿಕೆಯಾಯಿತು.

"ಹದಿನೈದು ದಿನಾ ಆತ್ರಿ. ಕಾವಲು ಕಾಯಾಕತ್ತೈತಿ ಅಂತ ತಿಳಿದಿದ್ನಿ."

"ಮಲಗಿದ್ರ ಉಸಿರು ಸಿಗಂಗಿಲ್ರಿ ಅದಕ್ಕ. ಅದಕ್ಕ ಕುಂತೈತಿ."

ಸೂಜಿ ಹಾಕಿ ಎರಡು ಸೀಸೆ ನೀರು ತೆಗೆದರು. ಕೆಂಚ ಮಿಸುಕಲಿಲ್ಲ. ಡಾಕ್ಟರು ಕೈ ತೊಳೆಯುತ್ತ, "ಈಗ ಆರಾಮ ಅನಸತೈತಿ. ಆದ್ರ ಮತ್ತ ತುಂಬತೈತಿ, ಭಾಳ ದಿನಾ ಉಳಿಯಂಗಿಲ್ಲ" ಎಂದರು.

"ಮೊದಲ ಬಂದಿದ್ರ?"

"ಗಂಟು ಹೋಗತಿದ್ದಿಲ್ರಿ. ಇಷ್ಟು ದಿನದ ತ್ರಾಸು ತಪ್ಪತಿತ್ತು."

ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಕಣ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ನಾಯಿಯನ್ನು ಹೊಸ್ತಿಲ ಹತ್ತಿರ ಸೇರಿಸದ ಹೆಂಡತಿ ಖಾತುನಬಿ ಸುದ್ದಿ ಕೇಳಿ ಹಳೆಯ ಕೌದಿಯೊಂದನ್ನು ತಂದು ಬಣವೆಯ ನೆರಳಿಗೆ ಹಾಸಿದಳು. ಕೆಂಚ ಎರಡು ಸುತ್ತು ಸುತ್ತಿ, ನಂಬಿಕೆಯಿಲ್ಲದಂತೆ ನಿಧಾನ ಒರಗಿ, ನಾಲ್ಕೂ ಕಾಲು ಚಾಚಿ ಮಲಗಿಬಿಟ್ಟಿತು.

ದಾರಿಯಲ್ಲಿ ಹೊರಟಿದ್ದ ವಿರೂಪಾಕ್ಷಪ್ಪ ನಿಂತು ನಕ್ಕ. "ಏನಲೇ ಯಮನೂರ, ನಿನ್ನ ಕಾವಲುಗಾರನೂ ಮಲಗಿದ್ನಲ್ಲೋ!"

"ಸಣ್ಣಗ ಮಾತಾಡೋ ಮಾರಾಯಾ."

ಕೆಂಚ ಕೂತು ಕೂತು ಸವೆದಿದ್ದ ಜಾಗದಲ್ಲಿ ಯಮನೂರಸಾಬ ಕುಕ್ಕರಗಾಲಲ್ಲಿ ಕೂತ. ಕಾಗೆಗಳು ಶೇಂಗಾದ ಮೇಲೆ ಇಳಿದವು. ಅವನ ಕೈ ತಾನಾಗಿ ಒಂದು ಹೆಂಟೆ ಎತ್ತಿಕೊಂಡಿತು. ಅದನ್ನು ಸದ್ದಾಗದಂತೆ ಕೆಳಗಿಟ್ಟು, ಎದ್ದು ಹೋಗಿ ಬರಿಗೈ ಬೀಸಿದ.